ಹಂಪಿ–ಆನೆಗುಂದಿ ಕಣಿವೆಯಲ್ಲಿ ಬೆಳಗಿನ ಓಟ: ಯಾವ ದಾರಿ, ಎಷ್ಟು ದೂರ, ಏನು ಎಚ್ಚರ?

ಮುಂಜಾವು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಮೂರನೇ ವಾರ ನಾನು ಮತ್ತು ನನ್ನ ತಂಗಿ ಕಮಲಾಪುರದಲ್ಲಿ ಮೂರು ದಿನ ಇರುತ್ತೇವೆ. ಇಬ್ಬರೂ ಡಾಂಬರು ರಸ್ತೆಯಲ್ಲಿ ಓಡಿ ರೂಢಿ ಇರುವವರು, 10 ಕಿ.ಮೀ.ಗೆ ಒಂದು ಗಂಟೆ ಐದು ನಿಮಿಷ ಆಸುಪಾಸು. ಬಂಡೆ, ಕಲ್ಲುದಾರಿ ಅಷ್ಟಾಗಿ ಗೊತ್ತಿಲ್ಲ. ಮೂರು ಬೆಳಗ್ಗೆಗೆ ಮೂರು ದಾರಿ ಬೇಕು: ಒಂದು ಚಿಕ್ಕದು, ಒಂದು 10-12 ಕಿ.ಮೀ., ಇನ್ನೊಂದು ಹೊಳೆಯಾಚೆ ಆನೆಗುಂದಿ ಕಡೆ.

ವಿರೂಪಾಕ್ಷ ದೇವಸ್ಥಾನದಿಂದ ವಿಠ್ಠಲ ದೇವಸ್ಥಾನಕ್ಕೆ ಹೋಗುವ ಹೊಳೆದಂಡೆಯ ದಾರಿಯಲ್ಲಿ ಓಡಲು ಆಗುತ್ತದೆಯೇ? ತಳವಾರಘಟ್ಟದಲ್ಲಿ ಬೆಳಗಿನ ಜಾವ ದೋಣಿ ಸಿಗುತ್ತದೆಯೇ? ಎಷ್ಟು ಹೊತ್ತಿಗೆ ಹೊರಡಬೇಕು? ಕೊನೆಯ ದಿನ ತಂಗಿ ಒಬ್ಬಳೇ ಓಡುತ್ತಾಳೆ, ಅವಳಿಗೆ ಯಾವ ದಾರಿ ಸರಿ? ಶೂ ಬೇರೆ ತರಬೇಕೇ? ದಯವಿಟ್ಟು ತಿಳಿದವರು ಹೇಳಿ.

ಕಮಲಾಪುರ ಕೆರೆ ಏರಿ

ನಮಸ್ಕಾರ. ಡಿಸೆಂಬರ್ ಒಳ್ಳೆಯ ಕಾಲ. ಆಗ ಇಲ್ಲಿ ಹೊತ್ತು ಹುಟ್ಟುವುದು ಸುಮಾರು 6:40ಕ್ಕೆ. 6:20ರ ಹೊತ್ತಿಗೆ ಕಾಲಡಿಯ ಕಲ್ಲು ಕಾಣುವಷ್ಟು ಬೆಳಕಾಗುತ್ತದೆ. ಅದಕ್ಕಿಂತ ಮುಂಚೆ ಹೊಳೆದಂಡೆಗೆ ಇಳಿಯಬೇಡಿ. ಡಾಂಬರು ರಸ್ತೆಯಾದರೆ 6:10ಕ್ಕೆ ಹೊರಟರೂ ನಡೆಯುತ್ತದೆ.

ಹಂಪಿಯಲ್ಲಿ ದೂರ ನೋಡಿ ಸಮಯ ಲೆಕ್ಕ ಹಾಕಿದರೆ ತಪ್ಪುತ್ತದೆ, ಕಾಲಡಿಯ ನೆಲ ನೋಡಿ ಹಾಕಬೇಕು. ಹೊಳೆದಂಡೆಯ 5 ಕಿ.ಮೀ.ಗೆ ನೀವು 45-50 ನಿಮಿಷ ಇಟ್ಟುಕೊಳ್ಳಿ, ಅದರಲ್ಲಿ ಕಾಲುಭಾಗ ನಡಿಗೆಯೇ. ಬಂಡೆಗಳ ನಡುವೆ ಕೈಗಡಿಯಾರದ ಜಿಪಿಎಸ್ ಕೂಡ ಹಾರಾಡುತ್ತದೆ, ಓಡದ ದೂರವನ್ನೂ ಸೇರಿಸಿ ತೋರಿಸುತ್ತದೆ. ಅಲ್ಲಿ ವೇಗ ನೋಡುವುದು ಬಿಟ್ಟು ಉಸಿರು ನೋಡಿಕೊಂಡು ಓಡಿ.

ಚಿಕ್ಕ ದಾರಿ, ಸುಮಾರು 5 ಕಿ.ಮೀ.: ವಿರೂಪಾಕ್ಷ ಗೋಪುರದ ಮುಂದೆ ಶುರು. ರಥಬೀದಿಯುದ್ದಕ್ಕೂ ಪೂರ್ವಕ್ಕೆ ಎದುರು ಬಸವಣ್ಣನ ಕಡೆ ಮುಕ್ಕಾಲು ಕಿಲೋಮೀಟರ್‌ಗೆ ಸ್ವಲ್ಪ ಹೆಚ್ಚು, ಇಡೀ ಸಮತಟ್ಟು. ಮೈ ಬಿಸಿ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಬಸವಣ್ಣ ಸಿಗುವ ಮುಂಚೆ ಎಡಕ್ಕೆ ಹೊಳೆ ಕಡೆ ತಿರುಗಿ. ಚಕ್ರತೀರ್ಥ, ಕೋದಂಡರಾಮ ದೇವಸ್ಥಾನದವರೆಗೆ ಬಂಡೆ, ಮೆಟ್ಟಿಲು, ಇಕ್ಕಟ್ಟು. ಇಲ್ಲಿ ನಡೆಯಿರಿ. ಬೆಳಗ್ಗೆ ಸ್ನಾನಕ್ಕೆ ಬರುವವರು ಇರುತ್ತಾರೆ, ಮೆಟ್ಟಿಲು ಒದ್ದೆ ಇರುತ್ತದೆ, ಕೆಳಗೆ ಹೊಳೆ ಆಳ. ಅಲ್ಲಿಂದ ಮುಂದೆ ಬಲಗಡೆ ಅಚ್ಯುತರಾಯ ದೇವಸ್ಥಾನದ ಸೂಳೆ ಬಜಾರು ತೆರೆದುಕೊಳ್ಳುತ್ತದೆ. ನೆಲ ಮತ್ತೆ ಮಣ್ಣಿನದಾಗುತ್ತದೆ, ಓಟ ಶುರು ಮಾಡಬಹುದು. ಸುಗ್ರೀವನ ಗುಹೆ, ಎರಡಂತಸ್ತಿನ ಮಂಟಪ, ರಾಜನ ತುಲಾಭಾರದ ಕಲ್ಲುಕಮಾನು, ಅದು ದಾಟಿದರೆ ವಿಠ್ಠಲ. ಇಲ್ಲಿಗೆ 2 ಕಿ.ಮೀ. ಮೇಲೆ ಆಗಿರುತ್ತದೆ.

ವಾಪಸು ಬರುವಾಗ ಅದೇ ದಂಡೆ ಹಿಡಿಯಬೇಡಿ. ಸೂಳೆ ಬಜಾರಿನೊಳಗೆ ದಕ್ಷಿಣಕ್ಕೆ ತಿರುಗಿ. ಎರಡೂ ಬದಿ ಕಂಬಸಾಲು, ನಡುವೆ ನೇರ ಮಣ್ಣುಹಾದಿ, ಎದುರಿಗೆ 1534ರ ಅಚ್ಯುತರಾಯ ದೇವಸ್ಥಾನ, ಅದರ ಬೆನ್ನಿಗೆ ಮಾತಂಗ ಬೆಟ್ಟ. ದೇವಸ್ಥಾನದ ಪಕ್ಕದಿಂದ ಗುಡ್ಡದ ಸಂದಿಗೆ ಮೆಟ್ಟಿಲು ಹತ್ತಿ ಆಚೆ ಇಳಿದರೆ ಸೀದಾ ಎದುರು ಬಸವಣ್ಣ. ಇಳಿಯುವ ಮೆಟ್ಟಿಲು ಒಂದೇ ಎತ್ತರದವಲ್ಲ, ಕೆಲವು ಮೊಣಕಾಲಿನ ಅರ್ಧಕ್ಕೆ ಬರುತ್ತವೆ. ಓಡಿ ಇಳಿಯಬೇಡಿ.

ದೊಡ್ಡ ಸುತ್ತು, 11-12 ಕಿ.ಮೀ.: ಕಮಲಾಪುರದಿಂದಲೇ ಶುರು ಮಾಡಿ ಅಲ್ಲಿಗೇ ಬರಬಹುದು. ಕಂಪ್ಲಿ ರಸ್ತೆಯಲ್ಲಿ ಪೂರ್ವಕ್ಕೆ ಹೊರಟರೆ ಮೊದಲು ಗಾಣಗಿತ್ತಿ ಬಸದಿ. 1385ರದ್ದು, ಎರಡನೇ ಹರಿಹರನ ದಂಡನಾಯಕ ಇರುಗಪ್ಪ ಕಟ್ಟಿಸಿದ್ದು, ಮುಂದೆ ಎತ್ತರದ ದೀಪಸ್ತಂಭ ಇದೆ, ಗುರುತು ಸಿಗುತ್ತದೆ. ಮುಂದೆ ಮಾಲ್ಯವಂತ ಗುಡ್ಡದ ಹತ್ತಿರ ಎಡಕ್ಕೆ ತಿರುಗಿ ತಳವಾರಘಟ್ಟ ಬಾಗಿಲ ಕಡೆ. ಅಲ್ಲಿಂದ ಗೆಜ್ಜಲ ಮಂಟಪ, ಅಲ್ಲಿ ಡಾಂಬರು ಮುಗಿದು ಕೆಂಪು ಮಣ್ಣಿನ ದಾರಿ. ಬ್ಯಾಟರಿ ಗಾಡಿ ಓಡಾಡುವ ದಾರಿ ಇದೇ, ಸುಮಾರು 1 ಕಿ.ಮೀ., ನಡುವೆ ಕುದುರೆಗೊಂಬೆ ಮಂಟಪ ಮತ್ತು ಪುಷ್ಕರಣಿ. ಗಾಡಿ ಶುರುವಾಗುವ ಮುಂಚೆ ಮುಗಿಸಿದರೆ ಧೂಳಿಲ್ಲ. ವಿಠ್ಠಲದ ಒಳಕ್ಕೆ ಟಿಕೆಟ್ ಬೇಕು, ಓಟದ ಹೊತ್ತಿಗೆ ಕೌಂಟರ್ ತೆರೆದಿರುವುದಿಲ್ಲ. ಹೊರಗೋಡೆ ಬಳಸಿಕೊಂಡು ಹೊಳೆದಂಡೆಗೆ ಬನ್ನಿ, ಅಲ್ಲಿಂದ ರಥಬೀದಿ. ಮಿಕ್ಕ 4 ಕಿ.ಮೀ. ಹಂಪಿ–ಕಮಲಾಪುರ ರಸ್ತೆ: ಹೇಮಕೂಟದ ಪಕ್ಕ ಏರು, ಕೃಷ್ಣ ದೇವಸ್ಥಾನ, ಉಗ್ರನರಸಿಂಹ, ಅಕ್ಕ-ತಂಗಿ ಗುಡ್ಡ, ನೆಲಮಟ್ಟದ ಕೆಳಗಿನ ಶಿವಾಲಯ, ರಾಣಿ ಸ್ನಾನಗೃಹ. ಏರು ಎನ್ನುವುದು ಹೇಮಕೂಟದ್ದೊಂದೇ, ಚಿಕ್ಕದು.

ಈ ರಸ್ತೆಯಲ್ಲಿ ಕೃಷ್ಣ ದೇವಸ್ಥಾನ ದಾಟಿದ ಮೇಲೆ ಎರಡು ನಿಮಿಷ ನಿಲ್ಲಿ. ಬಾಳೆತೋಟದ ನಡುವೆ ಹರಿಯುವುದು ತುರ್ತಾ ಕಾಲುವೆ, ವಿಜಯನಗರದ ಅರಸರ ಕಾಲದ್ದು. ಇವತ್ತಿಗೂ ಅದೇ ನೀರಿಗೆ ತೋಟ ಬದುಕಿದೆ. ಅರಮನೆಯ ಅಡಿಪಾಯ ಮಾತ್ರ ಉಳಿದ ಊರಿನಲ್ಲಿ ಕಾಲುವೆ ಇನ್ನೂ ಕೆಲಸ ಮಾಡುತ್ತಿದೆ ಎನ್ನುವುದು ಓಡುತ್ತಾ ದಾಟಿಬಿಡುವ ವಿಷಯವಲ್ಲ.

ಗಂಗಾವತಿ ಭತ್ತ

ಆನೆಗುಂದಿ ಕಡೆಯದ್ದು ನಾನು ಹೇಳ್ತೀನ್ರಿ.

ಮೊದಲು ದೋಣಿ. ತಳವಾರಘಟ್ಟದ ದೋಣಿ ನಂಬಿಕೊಂಡು ಓಟದ ಯೋಜನೆ ಹಾಕಬೇಡಿ. ಜನ ಸೇರಿದ ಮೇಲೆ ಬಿಡುತ್ತಾರೆ, ಹೊಳೆ ಏರಿದರೆ ನಿಲ್ಲಿಸುತ್ತಾರೆ. ಅಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿಯಿತು, ಹಳೆಯ ನಕ್ಷೆ ನೋಡಿ ಸೇತುವೆ ಇದೆ ಅಂದುಕೊಳ್ಳುವವರು ಇದ್ದಾರೆ. ಈಗ ದಾಟುವುದು ಬುಕ್ಕಸಾಗರ–ಕಡೆಬಾಗಿಲು ಸೇತುವೆ ಮೇಲೆ. ಕಮಲಾಪುರದಿಂದ ಆಟೋ ಹಿಂದಿನ ದಿನವೇ ಹೇಳಿ ಇಟ್ಟುಕೊಳ್ಳಿ, ಅರ್ಧ ಗಂಟೆ ಹಿಡಿಯುತ್ತದೆ. ಆಟೋದವರಿಗೆ ವಾಪಸು ಬರುವ ಹೊತ್ತು, ನಿಲ್ಲುವ ಜಾಗ ಎರಡನ್ನೂ ಮಾತಾಡಿಕೊಳ್ಳಿ. ಬೆಳಗ್ಗೆ ಅಲ್ಲಿ ಬೇರೆ ಗಾಡಿ ಸಿಗುವುದು ಕಷ್ಟ.

ದಾರಿ: ಆನೆಗುಂದಿ ಊರೊಳಗೆ ಗಗನ ಮಹಲಿನ ಮುಂದೆ ಶುರು ಮಾಡಿ. ರಂಗನಾಥ ಗುಡಿ ಅಲ್ಲೇ. ಮೊದಲು ಊರಿನ ಓಣಿಯಲ್ಲಿ ಹೊಳೆ ಕಡೆ ಇಳಿದು ಚಿಂತಾಮಣಿ ಗುಡಿ ತನಕ ಹೋಗಿ ಬನ್ನಿ, ಒಂದೂವರೆ ಎರಡು ಕಿಲೋಮೀಟರ್ ನಿಧಾನದ ಓಟ. ಆಮೇಲೆ ಊರ ಹೊರಗೆ ಪಶ್ಚಿಮಕ್ಕೆ ಹನುಮನಹಳ್ಳಿ ರಸ್ತೆ. ಎಡಕ್ಕೆ ಬಲಕ್ಕೆ ಭತ್ತದ ಗದ್ದೆ, ಗದ್ದೆ ಮುಗಿಯುವಲ್ಲಿ ಬಂಡೆಗುಡ್ಡ. ಪಂಪಾ ಸರೋವರಕ್ಕೆ ತಿರುಗುವ ದಾರಿ ಸಿಗುತ್ತದೆ, ಅದು ದಾಟಿ ಅಂಜನಾದ್ರಿ ಬುಡ. ಆನೆಗುಂದಿಯಿಂದ ಅಲ್ಲಿಗೆ 4-5 ಕಿ.ಮೀ. ಹೋಗಿ ಬಂದರೆ 10ರ ಹತ್ತಿರ. ಇನ್ನೂ ಬೇಕೆನ್ನುವವರು ಸಣಾಪುರ ಕೆರೆ ತನಕ ಹೋಗಿ ಬಂದರೆ 16ರ ಸುಮಾರು.

ಅಂಜನಾದ್ರಿ ಮೆಟ್ಟಿಲು 575. ಅದನ್ನು ಓಟಕ್ಕೆ ಸೇರಿಸಬೇಡಿ. ಏರುವುದು ಸುಲಭ, ಇಳಿದ ಮರುದಿನ ತೊಡೆ ಹಿಡಿದುಕೊಂಡು ಮೂರನೇ ದಿನದ ಓಟ ಕೆಡುತ್ತದೆ. ದರ್ಶನಕ್ಕೆ ಬೇರೆ ಹೊತ್ತಿನಲ್ಲಿ, ಭಕ್ತರ ಜೊತೆ, ನಿಧಾನಕ್ಕೆ ಹತ್ತಿ. ಶನಿವಾರ ಜನ ಹೆಚ್ಚು. ಇನ್ನೊಂದು, ಡಿಸೆಂಬರ್ ಅಂದಿರಿ: ಮಾರ್ಗಶಿರದ ಹನುಮ ವ್ರತದ ದಿನ ಹನುಮ ಮಾಲೆ ವಿಸರ್ಜನೆಗೆ ಸಾವಿರಾರು ಮಾಲಾಧಾರಿಗಳು ಬರುತ್ತಾರೆ, ಹಿಂದಿನ ರಾತ್ರಿಯಿಂದಲೇ ರಸ್ತೆ ತುಂಬಿರುತ್ತದೆ. ಪಂಚಾಂಗ ನೋಡಿಕೊಳ್ಳಿ. ಆ ಎರಡು ದಿನ ಈ ರಸ್ತೆ ಬಿಟ್ಟುಬಿಡಿ.

ಸುಗ್ಗಿ ಹೊತ್ತಿನಲ್ಲಿ ಡಾಂಬರಿನ ಅರ್ಧಕ್ಕೆ ಭತ್ತ ಹರವಿರುತ್ತಾರೆ. ದಯವಿಟ್ಟು ಅದರ ಮೇಲೆ ಓಡಬೇಡಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ, ಆ ಕಲ್ಲಿಗೆ ಎಡವುವವರೂ ಇದ್ದಾರೆ. ಭತ್ತ ತುಂಬಿದ ಟ್ರ್ಯಾಕ್ಟರು, ಟ್ರೇಲರ್ ಹಿಂದೆ ದೀಪ ಇರುವುದಿಲ್ಲ. ಎದುರು ಬರುವ ಗಾಡಿ ಕಾಣುವಂತೆ ರಸ್ತೆಯ ಬಲಬದಿಯಲ್ಲೇ ಓಡಿ, ಎದ್ದು ಕಾಣುವ ಬಣ್ಣದ ಅಂಗಿ ಹಾಕಿ.

ಚಿರತೆ ವಿಷಯ ಮುಚ್ಚಿಡಬಾರದು. ಈ ಗುಡ್ಡಸಾಲಿನಲ್ಲಿ ಚಿರತೆ ಇದೆ, ಕರಡಿಯೂ ಇದೆ. 2020ರಲ್ಲಿ ಆನೆಗುಂದಿ ಹತ್ತಿರದ ದುರ್ಗಾ ಬೆಟ್ಟದ ಬಳಿ ಚಿರತೆ ದಾಳಿಗೆ ಜೀವ ಹೋಗಿದೆ. ಹೊತ್ತು ಹುಟ್ಟಿದ ಮೇಲೆ ದೊಡ್ಡ ರಸ್ತೆಯಲ್ಲಿ, ಜನ ಓಡಾಡುವಾಗ ಭಯವಿಲ್ಲ. ಗುಡ್ಡದ ಬುಡದ ಕಾಲುದಾರಿ, ಕೋಟೆಯ ಒಳದಾರಿಗೆ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಹೋಗಬೇಡಿ. ಕಿವಿಗೆ ಇಯರ್‌ಫೋನ್ ಬೇಡ.

ಮುಂಜಾವು

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಇಬ್ಬರಿಗೂ ಧನ್ಯವಾದ. ದೊಡ್ಡ ಸುತ್ತನ್ನು ಯಾವ ಕಡೆಯಿಂದ ಶುರು ಮಾಡಿದರೆ ಒಳ್ಳೆಯದು? ಸಣಾಪುರದ ಕಾಲುವೆ ದಂಡೆಯಲ್ಲಿ ಓಡುವ ಫೋಟೋ ನೋಡಿದ್ದೆ, ಅದು ಹೇಗೆ? ಶೂ ಬಗ್ಗೆಯೂ ಯಾರಾದರೂ ಹೇಳಿ.

ಗರಸು ಕಲ್ಲು

ಶೂ ಬಗ್ಗೆ ನಾನು ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಬೀಳುವವರು ಬಹುಪಾಲು ತಪ್ಪು ಶೂನಿಂದ, ತಪ್ಪು ಹೆಜ್ಜೆಯಿಂದ ಬೀಳುತ್ತಾರೆ.

ಹಂಪಿಯದು ಗ್ರಾನೈಟ್. ಬಿಸಿಲು ಮಳೆಗೆ ಮೇಲ್ಮೈ ಪದರು ಪದರಾಗಿ ಎದ್ದು ಪುಡಿಯಾಗುತ್ತದೆ, ಆ ಪುಡಿಯೇ ಗರಸು. ಒಣ ಬಂಡೆಗೆ ಶೂ ಚೆನ್ನಾಗಿ ಕಚ್ಚುತ್ತದೆ. ಅದೇ ಬಂಡೆ ಇಳಿಜಾರಿದ್ದು ಮೇಲೆ ಒಂದು ಹಿಡಿ ಗರಸು ಬಿದ್ದಿದ್ದರೆ ಚೆಲ್ಲಿದ ಸಾಸಿವೆ ಮೇಲೆ ಕಾಲಿಟ್ಟ ಹಾಗೆ. ಬಗ್ಗಿ ನೋಡಿದರೆ ಕಾಣುತ್ತದೆ: ಬಂಡೆಯ ತಗ್ಗಿನಲ್ಲಿ, ಮೆಟ್ಟಿಲಿನ ಒಳಮೂಲೆಯಲ್ಲಿ ಬಿಳಿ-ಗುಲಾಬಿ ಹರಳು ಕೂಡಿಕೊಂಡಿರುತ್ತದೆ. ಕಾಲಿಡಬೇಕಾದದ್ದು ಉಬ್ಬಿದ ಕಡೆ. ಅಲ್ಲಿ ಗರಸು ನಿಲ್ಲುವುದಿಲ್ಲ.

ಉದ್ದ ಹಲ್ಲಿನ ಟ್ರೇಲ್ ಶೂ ಬೇಕಿಲ್ಲ. ಅದು ಕೆಸರಿಗೆ ಸರಿ, ಬಂಡೆ ಮೇಲೆ ಹಲ್ಲಿನ ತುದಿ ಮಾತ್ರ ತಾಗಿ ಹಿಡಿತ ಕಡಿಮೆಯಾಗುತ್ತದೆ. 3-4 ಮಿ.ಮೀ. ಹಲ್ಲು, ಅಡಿಯಲ್ಲಿ ಪೂರಾ ರಬ್ಬರ್ ಇರುವುದು ಸಾಕು. ನಿಮ್ಮ ರಸ್ತೆ ಶೂನ ಅಡಿ ತಿರುಗಿಸಿ ನೋಡಿ. ಬಿಳಿ ಫೋಮ್ ನೇರವಾಗಿ ನೆಲಕ್ಕೆ ತಾಗುವ ಜಾಗ ಹೆಚ್ಚಿದ್ದರೆ ಬೇಡ, ಒಂದನೆಯದು, ಬಂಡೆ ಮೇಲೆ ಜಾರುತ್ತದೆ; ಎರಡನೆಯದು, ಜಾಲಿಮುಳ್ಳು ಸೀದಾ ಒಳಗೆ ಬರುತ್ತದೆ. ಇಲ್ಲಿನ ಮುಳ್ಳು ಬಳ್ಳಾರಿ ಜಾಲಿಯದು, ಹೆಸರೇ ಈ ಸೀಮೆಯದು. ಕಡಿದ ಟೊಂಗೆ ಬೇಲಿಗೆ ಹಾಕಿರುತ್ತಾರೆ, ದಾರಿಗೆ ಚದುರಿರುತ್ತದೆ. ಮುಳ್ಳು ಚುಚ್ಚಿದರೆ ಶೂ ಬಿಚ್ಚಿ, ಮೊದಲು ಅಟ್ಟೆಯಿಂದ ಮುಳ್ಳು ಕಿತ್ತು, ಆಮೇಲೆ ಕಾಲು ನೋಡಿಕೊಳ್ಳಿ. ಹಾಗೇ ಓಡಿದರೆ ತುದಿ ಒಳಗೇ ಮುರಿಯುತ್ತದೆ. ಒಂದು ಚಿಕ್ಕ ಚಿಮಟ ಜೇಬಿನಲ್ಲಿರಲಿ.

ಹೆಜ್ಜೆ: ಇಳಿಜಾರಿನಲ್ಲಿ ಹೆದರಿ ಹಿಂದಕ್ಕೆ ವಾಲುವುದೇ ತಪ್ಪು. ಆಗ ಹಿಮ್ಮಡಿ ಮೊದಲು ತಾಗುತ್ತದೆ, ಹಿಮ್ಮಡಿ ಜಾರಿದರೆ ಬೆನ್ನು ನೆಲಕ್ಕೆ. ಮೊಣಕಾಲು ಸ್ವಲ್ಪ ಬಾಗಿಸಿ, ಪಾದ ಪೂರ್ತಿ ತಾಗುವಂತೆ ಚಿಕ್ಕ ಚಿಕ್ಕ ಹೆಜ್ಜೆ. ಜನ ನೂರಾರು ವರ್ಷ ನಡೆದು ನುಣುಪಾದ ಮೆಟ್ಟಿಲು ಒಣಗಿದ್ದರೂ ಜಾರುತ್ತದೆ, ಮೆಟ್ಟಿಲಿನ ಎಡ ಅಥವಾ ಬಲ ಪಕ್ಕದಲ್ಲಿ ಕಾಲಿಡಿ, ನಡುವಿನ ತಗ್ಗು ಬಿಡಿ.

ಈಗ ಮುಖ್ಯವಾದದ್ದು. ಓಟ ಮುಗಿದ ಮೇಲೆ ಮೀನಖಂಡ ಎಳೆಯಲು ಮಂಟಪದ ಕಂಬಕ್ಕೆ ಕೈ ಕೊಟ್ಟು ನೂಕುವುದನ್ನು ಖಂಡಿತ ಮಾಡಬೇಡಿ. ಈ ಕಂಬಗಳು ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂತು ನಿಂತಿವೆ, ಮೇಲಿನ ತೊಲೆ ಹೋದ ಕಡೆ ತಮ್ಮ ಭಾರದಿಂದಷ್ಟೇ ನಿಂತಿವೆ. 2019ರಲ್ಲಿ ಗಜಶಾಲೆ ಹಿಂದಿನ ವಿಷ್ಣು ದೇಗುಲದ ಬಳಿ ಕಂಬ ತಳ್ಳಿ ಬೀಳಿಸಿದ ಯುವಕರಿಗೆ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಅವರ ಕೈಯಿಂದಲೇ ಕಂಬ ಎತ್ತಿ ನಿಲ್ಲಿಸುವಂತೆ ಮಾಡಿತು. ಕಾಲು ಎಳೆಯಲು ರಸ್ತೆ ಬದಿಯ ಮರ ಇದೆ, ಮೈಲಿಗಲ್ಲು ಇದೆ. ಮಂಟಪದ ಜಗಲಿ ಮೇಲೆ ಹಾರಿ ಹತ್ತುವುದೂ ಬೇಡ, ಅಂಚಿನ ಕೆತ್ತನೆ ಸವೆಯುತ್ತದೆ.

ಕಾಲು ಉಳುಕಿದರೆ ಹೊಳೆದಂಡೆಯಲ್ಲಿ ಗಾಡಿ ಬರುವುದಿಲ್ಲ ಎನ್ನುವುದು ನೆನಪಿರಲಿ. 10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜ್ ಒಂದು ಇಟ್ಟುಕೊಳ್ಳಿ. ನಾಲ್ಕು ಹೆಜ್ಜೆ ಭಾರ ಊರಿ ನಡೆಯಲು ಆಗದಿದ್ದರೆ ಉಳುಕು ಅಂತ ಸುಮ್ಮನಿರಬೇಡಿ, ಹೊಸಪೇಟೆಗೆ ಹೋಗಿ ಎಕ್ಸ್‌ರೇ ಮಾಡಿಸಿ.

ಹೇಮಕೂಟ

ದಿಕ್ಕಿನ ವಿಷಯದಲ್ಲಿ ಕೆರೆ ಏರಿಯವರ ಮಾತಿಗೆ ನನ್ನ ಒಪ್ಪಿಗೆ ಪೂರ್ತಿ ಇಲ್ಲ. ಅವರು ಹೇಳಿದಂತೆ ಕಂಪ್ಲಿ ರಸ್ತೆಗೆ ಮೊದಲು ಹೋದರೆ ಏಳೋ ಎಂಟೋ ಕಿಲೋಮೀಟರ್ ಓಡಿ ದಣಿದ ಕಾಲಲ್ಲಿ ಚಕ್ರತೀರ್ಥದ ಬಂಡೆಗೆ ಬರುತ್ತೀರಿ, ಅಷ್ಟರಲ್ಲಿ ಪ್ರವಾಸಿಗರೂ ಬಂದಿರುತ್ತಾರೆ. ಬಂಡೆ ರೂಢಿಯಿಲ್ಲದವರಿಗೆ ಉಲ್ಟಾ ಸುತ್ತು ಒಳ್ಳೆಯದು: ಕಮಲಾಪುರದಿಂದ ಹಂಪಿ ರಸ್ತೆ 4 ಕಿ.ಮೀ., ಬೆಳಕು ಬರುವಾಗ ಹೇಮಕೂಟ, ಹುರುಪಿನ ಕಾಲಲ್ಲಿ ಹೊಳೆದಂಡೆ, ಆಮೇಲೆ ಮಣ್ಣು, ಡಾಂಬರು, ಮನೆ. ಒಂದೇ ಅನನುಕೂಲ, ಹೊಳೆದಂಡೆಯಲ್ಲಿ ಪೂರ್ವಕ್ಕೆ ಹೋಗುವಾಗ ಬಿಸಿಲು ಕಣ್ಣಿಗೇ ಹೊಡೆಯುತ್ತದೆ, ಕಾಲಡಿಯ ನೆರಳು ಬೆಳಕು ಒಡೆದು ಕಾಣುತ್ತದೆ. ಟೋಪಿಯ ಅಂಚು ತಗ್ಗಿಸಿಕೊಂಡರೆ ಸರಿಹೋಗುತ್ತದೆ.

ಕಾಲುವೆ ದಂಡೆ: ಫೋಟೋದಲ್ಲಿ ಚಂದ, ಓಟಕ್ಕೆ ಬೇಡ. ಸಣಾಪುರದ್ದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಸೆಳೆತ ಜೋರು. ಕಾಲುವೆಯ ಒಳಬದಿ ಕಾಂಕ್ರೀಟು ಪಾಚಿಗಟ್ಟಿ ಇಳಿಜಾರಿದೆ, ಬಿದ್ದರೆ ಹಿಡಿಯಲು ಏನೂ ಇಲ್ಲ. ಕತ್ತಲಾದ ಮೇಲೆ ಅಲ್ಲಿ ಕೂರುವುದೂ ಬೇಡ, 2025ರ ಮಾರ್ಚ್‌ನಲ್ಲಿ ರಾತ್ರಿ ಹೊತ್ತು ಅಲ್ಲಿ ಪ್ರವಾಸಿಗರ ಮೇಲೆ ದಾಳಿ ನಡೆದದ್ದು ಎಲ್ಲರಿಗೂ ಗೊತ್ತಿದೆ.

ತಂಗಿಯವರಿಗೆ: ಒಬ್ಬರೇ ಇದ್ದಾಗ ಹೊಳೆದಂಡೆಯೂ ಬೇಡ, ಮಾತಂಗ ಬೆಟ್ಟವೂ ಬೇಡ. ಕಮಲಾಪುರ–ರಾಣಿ ಸ್ನಾನಗೃಹ–ಕೃಷ್ಣ ದೇವಸ್ಥಾನ–ಹಂಪಿ ರಸ್ತೆಯಲ್ಲಿ ಹೋಗಿ ಅದೇ ರಸ್ತೆಯಲ್ಲಿ ಬಂದರೆ 8 ಕಿ.ಮೀ. ಬೆಳಗ್ಗೆ ಆರೂವರೆ ಮೇಲೆ ಬಸ್ಸು, ತೋಟಕ್ಕೆ ಹೋಗುವವರು, ಹಾಲಿನವರು ಇರುತ್ತಾರೆ. ಹಂಪಿಯಲ್ಲಿ ತಿರುಗುವ ಮುಂಚೆ ಇಡ್ಲಿ ಅಂಗಡಿ ತೆರೆದಿರುತ್ತದೆ, ನೀರು ತುಂಬಿಸಿಕೊಳ್ಳಬಹುದು. ಫೋನಿನಲ್ಲಿ ಇರುವ ಜಾಗ ಹಂಚಿಕೊಂಡು ಹೊರಡಲಿ, ತುರ್ತಿಗೆ 112.

ನಾಯಿ ಎದುರಾದರೆ ಓಟ ನಿಲ್ಲಿಸಿ ನಡೆಯುವುದು, ಬೆನ್ನು ತೋರಿಸದಿರುವುದು. ನೀವು ಕುರಿಹಿಂಡಿನ ನಡುವೆ ನುಗ್ಗಿದರೆ ಹಿಂಡಿನ ನಾಯಿ ಮೇಲೆ ಬರಬಹುದು, ಹಿಂಡು ದಾಟುವ ತನಕ ನಿಂತುಬಿಡಿ, ಕುರಿಯವರು ಕೂಗಿ ಕರೆದುಕೊಳ್ಳುತ್ತಾರೆ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಶುರು ಮಾಡಬೇಕು. ಕೋತಿಗೆ ಕೈಯಲ್ಲಿರುವ ಬಾಳೆಹಣ್ಣು, ಸದ್ದು ಮಾಡುವ ಪ್ಲಾಸ್ಟಿಕ್ ಚೀಲ ಎರಡೂ ಒಂದೇ. ತಿನ್ನುವುದನ್ನು ಸೊಂಟಪಟ್ಟಿಯ ಒಳಗಿಡಿ.

ಕಮಲಾಪುರ ಕೆರೆ ಏರಿ

ಹೇಮಕೂಟದವರು ಹೇಳಿದ್ದು ಸರಿ, ಬಂಡೆ ರೂಢಿಯಿಲ್ಲದವರಿಗೆ ಉಲ್ಟಾ ಸುತ್ತೇ ವಾಸಿ. ನಾನು ಬ್ಯಾಟರಿ ಗಾಡಿ ಧೂಳಿನ ಕಡೆಯಷ್ಟೇ ನೋಡಿದೆ. ನೀವು 6:10ಕ್ಕೆ ಕಮಲಾಪುರ ಬಿಟ್ಟರೆ ಗಾಡಿಗಿಂತ ಮುಂಚೆಯೇ ಗೆಜ್ಜಲ ಮಂಟಪ ದಾಟಿರುತ್ತೀರಿ.

ನೀರಿನ ಲೆಕ್ಕ: ಡಿಸೆಂಬರ್‌ನಲ್ಲಿ 12 ಕಿ.ಮೀ.ಗೆ ತಲಾ ಅರ್ಧ ಲೀಟರ್ ಸಾಕು. ವಿಠ್ಠಲದಿಂದ ಮಾಲ್ಯವಂತದವರೆಗೆ ಬೆಳಗ್ಗೆ ಅಂಗಡಿ ತೆರೆದಿರುವುದಿಲ್ಲ, ಹಂಪಿಯಲ್ಲೇ ತುಂಬಿಸಿಕೊಳ್ಳಿ. ಮಾರ್ಚ್ ಮೇಲೆ ಬರುವ ಬೇರೆಯವರು ಈ ಚರ್ಚೆ ಓದುತ್ತಿದ್ದರೆ ತಲಾ ಒಂದು ಲೀಟರ್, ಅದಕ್ಕೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟ ಮಾಡಿದ ಚಮಚ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುತ್ತದೆ, ಏಳೂವರೆಗೆ ಓಟ ಮುಗಿದಿರಬೇಕು. ಸಂಜೆ ತಂಪಾಗುತ್ತದೆ ಅಂತ ಹೊರಡಬೇಡಿ, ಹಗಲೆಲ್ಲ ಕಾದ ಬಂಡೆ ಸಂಜೆಯಿಡೀ ಆ ಬಿಸಿ ಬಿಡುತ್ತಿರುತ್ತದೆ.

ಮಳೆಗಾಲದವರಿಗೆ: ಜುಲೈನಿಂದ ಸೆಪ್ಟೆಂಬರ್ ತನಕ ಮಳೆ ಇಲ್ಲಿ ಬೀಳದಿದ್ದರೂ ಮಲೆನಾಡಿನ ಮಳೆಗೆ ತುಂಗಭದ್ರಾ ಜಲಾಶಯ ತುಂಬಿ ಗೇಟು ಎತ್ತುತ್ತಾರೆ. ಹಂಪಿಯಲ್ಲಿ ಆಕಾಶ ತಿಳಿಯಾಗಿದ್ದೇ ಹೊಳೆ ಏರುವುದು ಹೀಗೆ. ಹಿಂದಿನ ಸಂಜೆ ಜಲಾಶಯದ ಹೊರಹರಿವು ಎಷ್ಟು ಕ್ಯೂಸೆಕ್ಸ್ ಅಂತ ಸುದ್ದಿಯಲ್ಲಿ ನೋಡಿ. ವಿಠ್ಠಲದ ಕೆಳಗಿನ ಪುರಂದರ ಮಂಟಪಕ್ಕೆ ನೀರು ಹತ್ತಿದೆ ಎಂದು ಕೇಳಿದರೆ ಚಕ್ರತೀರ್ಥದ ದಾರಿ ಬಿಟ್ಟು, ಎದುರು ಬಸವಣ್ಣನ ಪಕ್ಕದ ಮೆಟ್ಟಿಲು ಹತ್ತಿ ಅಚ್ಯುತರಾಯ ದೇವಸ್ಥಾನಕ್ಕೆ ಇಳಿಯಿರಿ. ಸೂಳೆ ಬಜಾರಿನ ಉತ್ತರ ತುದಿಗೂ ನೀರು ಬಂದಿದ್ದರೆ ಅಲ್ಲಿಂದಲೇ ವಾಪಸು.

ಮುಂಜಾವು

ಹಾಗಾದರೆ ಹೀಗೆ ಮಾಡುತ್ತೇವೆ: ಮೊದಲ ದಿನ ಉಲ್ಟಾ ದೊಡ್ಡ ಸುತ್ತು, ಎರಡನೇ ದಿನ ಆನೆಗುಂದಿಯಿಂದ ಅಂಜನಾದ್ರಿ ಬುಡಕ್ಕೆ ಹೋಗಿ ವಾಪಸು, ಮೂರನೇ ದಿನ ತಂಗಿ ಹಂಪಿ ರಸ್ತೆ. ಹನುಮ ವ್ರತದ ದಿನ ಪಂಚಾಂಗದಲ್ಲಿ ನೋಡಿ ಆಟೋ ಹೇಳುತ್ತೇನೆ. ಶೂ ತಿರುಗಿಸಿ ನೋಡಿದೆ, ಅರ್ಧಕ್ಕೆ ಅರ್ಧ ಬಿಳಿ ಫೋಮ್. ಬೇರೆ ತರುತ್ತೇನೆ.

ಗರಸು ಕಲ್ಲು

ಹೊಸ ಶೂ ಆದರೆ ಬರುವ ಮುಂಚೆ 30-40 ಕಿ.ಮೀ. ಓಡಿ ಪಳಗಿಸಿಕೊಳ್ಳಿ. ಅರ್ಧ ಸೈಜ್ ದೊಡ್ಡದೇ ತೆಗೆದುಕೊಳ್ಳಿ, ಬಿಗಿಯಾದರೆ ಇಳಿಜಾರಿನಲ್ಲಿ ಹೆಬ್ಬೆರಳ ಉಗುರು ಮುಂದಕ್ಕೆ ಗುದ್ದಿ ಕಪ್ಪಾಗುತ್ತದೆ.